ಗೂಡ್ಸ್ ಗಾಡಿಯ ಒತ್ತಡಮಾಪಕ ಹೇಳುವುದೇನು?

ರೈಲುಗಾಡಿ ನಡೆಸುವ ಸಿಮ್ಯುಲೇಟರ್ ಆಟಗಳಲ್ಲಿ ಎಂಜಿನ್ನಿನ ವೇಗ, ಸಿಗ್ನಲ್ಲುಗಳ ಬಣ್ಣ, ದಾರಿಯ ಏರಿಳಿತ ಇವುಗಳನ್ನು ಅರಿತುಕೊಳ್ಳುವುದಕ್ಕೆ ಹೊಸಬನಿಗೆ ಬಹಳ ಕಾಲ ಹಿಡಿಯುವುದಿಲ್ಲ. ಆದರೆ ನೂರು ವ್ಯಾಗನ್ನುಗಳ ಗೂಡ್ಸ್ ಗಾಡಿಯೊಂದನ್ನು ಪರ್ವತದ ಇಳಿಜಾರಿನಲ್ಲಿ ಕೆಳಗಿಳಿಸಬೇಕಾದ ಪ್ರಸಂಗ ಬಂದಾಗ, ಕಣ್ಣೆದುರಿನ ಮಾಪಕದಲ್ಲಿ 90 ಎಂಬ ಅಂಕಿ ನಿಶ್ಚಲವಾಗಿ ನಿಂತಿದ್ದರೂ ಗಾಡಿಯ ವೇಗವು ಕ್ಷಣಕ್ಷಣಕ್ಕೂ ಏರುತ್ತಿರುವುದನ್ನು ಕಂಡು, ಗಾಳಿ ಇಷ್ಟೊಂದು ತುಂಬಿರುವಾಗಲೂ ಬ್ರೇಕು ಏಕೆ ಹಿಡಿಯಲೊಲ್ಲದೆಂದು ಆತನು ದಿಗ್ಭ್ರಾಂತನಾಗುವುದುಂಟು. ಆ ಅಂಕಿಯನ್ನು ಬ್ರೇಕಿನ ಬಲವೆಂದು ಭಾವಿಸಿದುದೇ ಈ ಗೊಂದಲಕ್ಕೆ ಮೂಲ. ಗೂಡ್ಸ್ ಗಾಡಿಯಲ್ಲಿ ಪೈಪಿನ ಒತ್ತಡ ಪೂರ್ಣವಾಗಿದ್ದಾಗ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಇಳಿದಾಗ ಹಿಡಿಯುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಿತೆಂಬುದಾದರೋ, ಮುಳ್ಳು ಎಲ್ಲಿಂದ ಎಲ್ಲಿಗೆ ಇಳಿಯಿತು, ಇಳಿಯುವುದಕ್ಕೆ ಮುನ್ನ ಗಾಡಿಗೆ ಗಾಳಿ ತುಂಬಿಕೊಳ್ಳಲು ಎಷ್ಟು ಹೊತ್ತು ದೊರೆತಿತ್ತು ಎಂಬ ಹಿಂದಿನ ವೃತ್ತಾಂತವನ್ನೆಲ್ಲ ಅವಲಂಬಿಸಿರುತ್ತದೆ.

ಈ ವಿಲೋಮ ಕ್ರಮಕ್ಕೆ ಗಾಢವಾದ ಕಾರಣವುಂಟು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಮೊದಲ ಗಾಳಿ ಬ್ರೇಕಿನಲ್ಲಿ, ಚಾಲಕನು ಎಂಜಿನ್ನಿನ ಟ್ಯಾಂಕಿನಲ್ಲಿ ಅದುಮಿಟ್ಟ ಗಾಳಿಯನ್ನು ಪೈಪಿನೊಳಕ್ಕೆ ಬಿಟ್ಟಾಗ ಅದು ಹಿಂದಿನ ಬಂಡಿಗಳ ಸಿಲಿಂಡರುಗಳನ್ನು ಹೊಕ್ಕು ಬ್ರೇಕು ಹಾಕುತ್ತಿತ್ತು. ಆದರೆ ಬಂಡಿಗಳ ನಡುವಣ ಹೋಸೊಂದು ಹರಿದುಹೋದರೆ, ಬ್ರೇಕು ಅತ್ಯಂತ ಅವಶ್ಯವಾದ ಆ ಗಳಿಗೆಯಲ್ಲಿಯೇ ಗಾಡಿಗೆ ಬ್ರೇಕೇ ಇಲ್ಲದಂತಾಗುತ್ತಿತ್ತು. ಮೂರು ವರ್ಷಗಳ ತರುವಾಯ, 1872ರಲ್ಲಿ, ವೆಸ್ಟಿಂಗ್‌ಹೌಸನು ಈ ಏರ್ಪಾಟನ್ನು ತಲೆಕೆಳಗು ಮಾಡಿ, ಪ್ರತಿಯೊಂದು ಬಂಡಿಗೂ ಅದರದೇ ಆದ ಗಾಳಿಯ ಟ್ಯಾಂಕನ್ನೂ, ಪೈಪಿನ ಒತ್ತಡವನ್ನು ಟ್ಯಾಂಕಿನ ಒತ್ತಡದೊಡನೆ ಸದಾ ಹೋಲಿಸಿ ನೋಡುವ ಟ್ರಿಪಲ್ ವಾಲ್ವ್ ಎಂಬ ಕವಾಟವನ್ನೂ ಜೋಡಿಸಿದನು. ಪೈಪಿನ ಒತ್ತಡ ಟ್ಯಾಂಕಿನದಕ್ಕಿಂತ ಹೆಚ್ಚಾಗಿದ್ದರೆ ಕವಾಟವು ಟ್ಯಾಂಕಿಗೆ ಗಾಳಿಯನ್ನು ತುಂಬಿಕೊಳ್ಳುತ್ತ ಸಿಲಿಂಡರಿನಲ್ಲಿರುವ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಪೈಪಿನ ಒತ್ತಡ ಕಡಿಮೆಯಾದರೆ ಟ್ಯಾಂಕಿನ ಗಾಳಿಯನ್ನು ಸಿಲಿಂಡರಿಗೆ ತಿರುಗಿಸಿ, ಟ್ಯಾಂಕಿನ ಒತ್ತಡವೂ ಪೈಪಿನ ಮಟ್ಟಕ್ಕೆ ಇಳಿದೊಡನೆ ಮುಚ್ಚಿಕೊಳ್ಳುತ್ತದೆ. ಹೋಸು ಹರಿದರೆ ಈಗ ಬ್ರೇಕು ತಾನಾಗಿಯೇ ಬೀಳುತ್ತದೆ. 1893ರಲ್ಲಿ ಅಮೆರಿಕದ ಶಾಸನವು ರೈಲುಗಾಡಿಗಳಿಗೆ ಇಂಥ ಬ್ರೇಕನ್ನು ವಿಧಿಸಿತು. ಇಂದಿಗೂ ಮೂಲತತ್ತ್ವ ಅದೇ ಆಗಿದೆ.

ಇನ್ನು ಅಂಕಿಗಳ ವಿಚಾರ. ಅಮೆರಿಕದ ಗೂಡ್ಸ್ ಗಾಡಿಯ ಬ್ರೇಕ್ ಪೈಪಿನಲ್ಲಿ ವಾಡಿಕೆಯ ಒತ್ತಡ ಚದರ ಅಂಗುಲಕ್ಕೆ 90 ಪೌಂಡು. ಮಾಪಕವು ವಾಯುಮಂಡಲದ ಒತ್ತಡವನ್ನು ಸೊನ್ನೆಯೆಂದೆಣಿಸಿ ಅದರ ಮೇಲಿನದನ್ನು ಮಾತ್ರ ತೋರಿಸುವುದೆಂಬುದನ್ನು ಇಲ್ಲಿ ನೆನಪಿಡಬೇಕು. ವ್ಯಾಗನ್ನಿನ ಟ್ಯಾಂಕಿನ ಗಾತ್ರವು ಬ್ರೇಕ್ ಸಿಲಿಂಡರಿನ ಗಾತ್ರದ ಸುಮಾರು ಎರಡೂವರೆ ಪಾಲು ಇರುವುದರಿಂದ, ಟ್ಯಾಂಕಿನಲ್ಲಿ ಒಂದು ಪೌಂಡಿನಷ್ಟು ಒತ್ತಡ ಇಳಿದರೆ ಸಿಲಿಂಡರಿನಲ್ಲಿ ಎರಡೂವರೆ ಪೌಂಡು ಏರುತ್ತದೆ. ಚಾಲಕನು ಪೈಪನ್ನು 90ರಿಂದ 80ಕ್ಕೆ ಇಳಿಸಿದನೆನ್ನೋಣ: ಸಿಲಿಂಡರಿಗೆ ಬಂದುದು 25 ಪೌಂಡು. ಹೀಗೆ ಇಳಿಸುತ್ತ ಹೋದರೆ ಟ್ಯಾಂಕಿನಲ್ಲಿಯೂ ಸಿಲಿಂಡರಿನಲ್ಲಿಯೂ ಒತ್ತಡ ಸಮನಾಗುವ ಒಂದು ಘಟ್ಟ ಬಂದೇ ಬರಬೇಕು. ತೊಂಬತ್ತನ್ನು ಎರಡೂವರೆಯಿಂದ ಗುಣಿಸಿ ಮೂರೂವರೆಯಿಂದ ಭಾಗಿಸಿದರೆ ದೊರೆಯುವ 64 ಪೌಂಡೇ ಆ ಘಟ್ಟ. 90ರಿಂದ 64ಕ್ಕೆ ಇಳಿತ 26 ಪೌಂಡು. ಚಾಲಕರು ಪೂರ್ಣ ಬ್ರೇಕೆಂದು ಕರೆಯುವುದು ಇದನ್ನೇ. ಇದಕ್ಕೂ ಕೆಳಗೆ ಮುಳ್ಳನ್ನು ಎಳೆದರೆ ಪೈಪಿನ ಗಾಳಿ ವ್ಯರ್ಥವಾಗಿ ಹೋಗುವುದೇ ಹೊರತು ಬ್ರೇಕಿಗೆ ಕೂದಲೆಳೆಯಷ್ಟು ಬಲವೂ ಕೂಡುವುದಿಲ್ಲ. ತುರ್ತು ಬ್ರೇಕಿನ ಮಾತು ಬೇರೆ. ಅದಕ್ಕಾಗಿಯೇ ಕಾದಿರಿಸಿದ ಇನ್ನೊಂದು ಕೋಣೆಯ ಗಾಳಿಯೂ ಬಂದು ಸೇರಿ ಸಿಲಿಂಡರಿನಲ್ಲಿ ಸುಮಾರು 77 ಪೌಂಡು ಏರುತ್ತದೆ.

ಎಂಜಿನ್ನಿನ ಮಾಪಕದಲ್ಲಿ ಎರಡು ಮುಳ್ಳುಗಳಿರುವುದನ್ನು ಕಂಡು ಹಲವರು ಬೆರಗಾಗುತ್ತಾರೆ. ಚಾಲಕನ ಹಿಡಿಯು ಪೈಪಿನ ಗಾಳಿಯನ್ನು ನೇರವಾಗಿ ಹೊರಕ್ಕೆ ಬಿಡುವುದಿಲ್ಲ. ಸಮೀಕರಣದ ಟ್ಯಾಂಕೆಂಬ ಒಂದು ಚಿಕ್ಕ ಟ್ಯಾಂಕಿನ ಒತ್ತಡವನ್ನು ಮೊದಲು ಇಳಿಸುತ್ತದೆ, ಉದ್ದವಾದ ಪೈಪು ಆ ಗುರುತನ್ನು ಮುಟ್ಟುವವರೆಗೆ ಮತ್ತೊಂದು ಕವಾಟವು ಗಾಳಿಯನ್ನು ಕ್ರಮವಾಗಿ ಹೊರಗೆಡಹುತ್ತದೆ. ಹೀಗೆ ಮಾಡದೆ ಪೈಪನ್ನು ಥಟ್ಟನೆ ತೆರೆದು ಥಟ್ಟನೆ ಮುಚ್ಚಿದರೆ, ಹಿಂದಿನಿಂದ ಧಾವಿಸಿ ಬರುವ ಗಾಳಿಯು ಮುಂದಿನ ಭಾಗದ ಒತ್ತಡವನ್ನು ಮತ್ತೆ ಏರಿಸಿ, ಆಗ ತಾನೇ ಹಿಡಿದ ಬ್ರೇಕುಗಳನ್ನು ಬಿಡಿಸಿಬಿಡುತ್ತದೆ. ಆದುದರಿಂದ ಒಂದು ಮುಳ್ಳು ಚಾಲಕನು ಕೇಳಿದುದನ್ನೂ, ಮತ್ತೊಂದು ಗಾಡಿಯ ಮುಂಭಾಗವು ಕೊಟ್ಟುದನ್ನೂ ತೋರಿಸುತ್ತವೆ. ಗಾಡಿಯ ಹಿಂಭಾಗವು ಕೊಟ್ಟುದೇನೆಂಬುದನ್ನು ಈ ಎರಡೂ ಹೇಳಲಾರವು.

ಹಿಂಭಾಗವಾದರೋ ಬಹಳ ದೂರದಲ್ಲಿದೆ. ನೂರು ವ್ಯಾಗನ್ನುಗಳ ಗಾಡಿ ಒಂದೂ ಮುಕ್ಕಾಲು ಕಿಲೋಮೀಟರಿಗೆ ಕಡಿಮೆಯಿಲ್ಲ. ಒತ್ತಡದ ಇಳಿತವು ಪೈಪಿನೊಳಗೆ ಒಂದು ಅಲೆಯಾಗಿ ಸಾಗುವುದು, ಅದರ ವೇಗ ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಮೀರಲಾರದು. ಪೈಪಿನ ತಿರುವುಗಳೂ ಘರ್ಷಣೆಯೂ ಅದನ್ನು ಇನ್ನೂ ನಿಧಾನಗೊಳಿಸುತ್ತವೆ. 1886 ಮತ್ತು 1887ರಲ್ಲಿ ಅಯೋವಾದ ಬರ್ಲಿಂಗ್ಟನ್ನಿನಲ್ಲಿ ಐವತ್ತು ವ್ಯಾಗನ್ನುಗಳ ಗಾಡಿಗಳ ಮೇಲೆ ಪರೀಕ್ಷೆ ನಡೆದಾಗ, ಮುಂದಿನ ವ್ಯಾಗನ್ನುಗಳು ಬ್ರೇಕು ಹಿಡಿದು ನಿಲ್ಲುತ್ತಿರುವಾಗಲೇ ಸುದ್ದಿ ತಲುಪದ ಹಿಂದಿನವು ಬಂದು ಅಪ್ಪಳಿಸುತ್ತಿದ್ದುದು ಸ್ಪಷ್ಟವಾಯಿತು. ಅದಕ್ಕೆ ಪರಿಹಾರವಾಗಿ ವೆಸ್ಟಿಂಗ್‌ಹೌಸನು, ತುರ್ತಿನ ಸಮಯದಲ್ಲಿ ಪ್ರತಿಯೊಂದು ವ್ಯಾಗನ್ನೂ ತನ್ನ ಬಳಿಯ ಪೈಪಿನ ಗಾಳಿಯನ್ನು ತಾನೇ ಬಿಟ್ಟು ತನ್ನ ಹಿಂದಿನದಕ್ಕೆ ಸುದ್ದಿ ದಾಟಿಸುವಂಥ ಕವಾಟವನ್ನು ರಚಿಸಿದನು.

ಇಳಿತದ ಸುದ್ದಿ ಸೆಕೆಂಡುಗಳಲ್ಲಿ ತಲುಪುತ್ತದೆ. ತುಂಬುವ ಕೆಲಸ ಮಾತ್ರ ನಿಮಿಷಗಳನ್ನು ಬೇಡುತ್ತದೆ. ಆಟದ ಪರದೆಯ ಮೇಲೆ ಇದನ್ನು ಕಣ್ಣಾರೆ ಕಾಣಬಹುದು. 2001ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರಿನಲ್ಲಿ ಮೊಂಟಾನಾದ ಮರಾಯಸ್ ಪಾಸ್ ಎಂಬ ಪರ್ವತಮಾರ್ಗವಿತ್ತು; ಆ ದಾರಿಯನ್ನು ಇಂದು ಓಪನ್ ರೈಲ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ನಡೆಸುವವರಿದ್ದಾರೆ. ಎಫ್5 ಕೀಲಿಯನ್ನೊತ್ತಿ ಬ್ರೇಕಿನ ಪುಟವನ್ನು ತೆರೆದರೆ ಒಂದೊಂದು ವ್ಯಾಗನ್ನಿನ ಸಿಲಿಂಡರು, ಪೈಪು, ಟ್ಯಾಂಕುಗಳ ಒತ್ತಡಗಳು ಸಾಲುಸಾಲಾಗಿ ಮೂಡುತ್ತವೆ. ನಿಜವಾದ ಎಂಜಿನ್ನಿನಲ್ಲಿ ಕುಳಿತ ಚಾಲಕನು ಎಂದೂ ಕಾಣದ ನೋಟವದು. ವಿಜ್ಞಾನದ ವಿದ್ಯಾರ್ಥಿಗೆ ಈ ಆಟಗಳು ಕೊಡುವ ಬಹುಮೂಲ್ಯವಾದ ಕೊಡುಗೆ ಅದೇ ಎಂದು ನನ್ನ ದೃಢವಾದ ಅಭಿಪ್ರಾಯ.

ದವಸ ತುಂಬಿದ ನೂರು ವ್ಯಾಗನ್ನುಗಳನ್ನು ಮರಾಯಸ್ ಪಾಸಿನ ನೆತ್ತಿಯಿಂದ ಪಶ್ಚಿಮಕ್ಕೆ, ಎಸೆಕ್ಸ್ ಎಂಬ ಊರಿನ ಕಡೆಗೆ ಇಳಿಸುತ್ತಿದ್ದೇವೆಂದು ಭಾವಿಸೋಣ. ಇಳಿಜಾರು ನೂರಕ್ಕೆ ಸುಮಾರು 1.8. ತುಂಬಿದ ವ್ಯಾಗನ್ನು ಒಂದೊಂದಕ್ಕೆ 130 ಟನ್ನಿನಂತೆ ಗಾಡಿಯ ತೂಕ 13,000 ಟನ್ನು. ಅದನ್ನು ಕೆಳಕ್ಕೆಳೆಯುವ ಬಲವು 234 ಟನ್ನಿನ ಭಾರಕ್ಕೆ ಸಮ. ನೆತ್ತಿಯಲ್ಲಿ ಮುಂದೆ 90, ಕಟ್ಟಕಡೆಯ ವ್ಯಾಗನ್ನಿನಲ್ಲಿ 88. ಜೋಡಣೆಗಳಲ್ಲಿ ಸೋರುವ ಗಾಳಿಯಿಂದಾಗಿ ಅಷ್ಟು ವ್ಯತ್ಯಾಸ ಸಹಜ. ಎಂಟು ಪೌಂಡು ಇಳಿಸಿದೆವು; ಮುಂದಿನ ಅಂಕಿ 82ಕ್ಕೆ ಜಾರಿತು, ಹಿಂದಿನದು ಕೆಲವು ಸೆಕೆಂಡು ತಡೆದು ಅದನ್ನು ಹಿಂಬಾಲಿಸಿತು, ಸಿಲಿಂಡರುಗಳಲ್ಲಿ ಇಪ್ಪತ್ತರ ಆಸುಪಾಸು ಒತ್ತಡವೇರಿ ವೇಗ ತಗ್ಗಿತು. ಅತಿಯಾಗಿ ತಗ್ಗಿತೆಂದು ಬ್ರೇಕು ಬಿಟ್ಟೆವು. ಮುಂದಿನ ಮುಳ್ಳು ಬೇಗನೆ 90ಕ್ಕೆ ಹಿಂದಿರುಗಿತು. ಆದರೆ ಕಾಲುವೆಗೆ ನೀರು ಬಿಟ್ಟಾಗ ತೂಬಿನ ಬಳಿಯ ಗದ್ದೆಗಳೆಲ್ಲ ಕುಡಿದು ತಣಿದ ಮೇಲಲ್ಲದೆ ಕೊನೆಯ ಗದ್ದೆಗೆ ನೀರೇರದಿರುವಂತೆ, ಎಂಜಿನ್ನಿನಿಂದ ಹೊರಟ ಗಾಳಿಯನ್ನು ಮುಂದಿನ ಟ್ಯಾಂಕುಗಳೇ ಮೊದಲು ಹೀರಿಕೊಳ್ಳುತ್ತವೆ. ಕೊನೆಯ ವ್ಯಾಗನ್ನಿನ ಸಾಲಿನಲ್ಲಿ ಅಂಕಿ 84ರಲ್ಲಿ ತೆವಳುತ್ತಿರುತ್ತದೆ. ಈಗ ವೇಗ ಮತ್ತೆ ಏರತೊಡಗಿ ನಾವು ಮುಂಚಿನಂತೆಯೇ ಎಂಟು ಪೌಂಡು ಇಳಿಸಿದರೆ, ಮುಂದಿನ ವ್ಯಾಗನ್ನುಗಳು 90ರಿಂದ 82ಕ್ಕೆ ಇಳಿದು ಇಪ್ಪತ್ತು ಪೌಂಡಿನ ಬ್ರೇಕು ಹಿಡಿಯುತ್ತವೆ, ಕೊನೆಯವು 84ರಿಂದ 82ಕ್ಕೆ ಇಳಿದು ಐದೇ ಪೌಂಡಿನದನ್ನು ಹಿಡಿಯುತ್ತವೆ. ಹಿಡಿಯ ಸ್ಥಾನ ಒಂದೇ, ಮುಂದಿನ ಮಾಪಕದ ಅಂಕಿಯೂ ಒಂದೇ, ಫಲ ಮಾತ್ರ ಬಹಳ ಕಡಿಮೆ. ಆದ್ದರಿಂದಲೇ ಪೂರ್ತಿ ತುಂಬಿಕೊಳ್ಳದ ಗಾಡಿಗೆ ಮತ್ತೆ ಬ್ರೇಕು ಹಾಕಬೇಕಾದಾಗ ಹಿಂದಿನ ಸಲ ಮುಟ್ಟಿದ ಗುರುತಿಗಿಂತಲೂ ಸಾಕಷ್ಟು ಕೆಳಕ್ಕೆ ಇಳಿಸಬೇಕೆಂಬ ನಿಯಮ ಹುಟ್ಟಿದುದು. ಇದನ್ನು ಲಕ್ಷಿಸದೆ ಪದೇಪದೇ ಹಿಡಿದು ಬಿಡುತ್ತ ಹೋದರೆ ಟ್ಯಾಂಕುಗಳು 70ಕ್ಕೆ ಕುಸಿಯಬಹುದು. ಅಲ್ಲಿಂದ ಪೂರ್ಣ ಬ್ರೇಕು ಹಾಕಿದರೂ ಮೇಲಣ ಲೆಕ್ಕದಂತೆ ಸಿಲಿಂಡರಿಗೆ ದೊರೆಯುವುದು 50 ಪೌಂಡು ಮಾತ್ರ.

ಹಾಗಾದರೆ ಬ್ರೇಕನ್ನು ಪೂರ್ತಿ ಬಿಡದೆ ಕೊಂಚವೇ ಸಡಿಲಿಸಬಾರದೇಕೆಂದು ಕೇಳಬಹುದು. ಅಮೆರಿಕದ ಗೂಡ್ಸ್ ಗಾಡಿಯ ಕವಾಟಕ್ಕೆ ಆ ಸಾಮರ್ಥ್ಯವಿಲ್ಲ. ಪೈಪಿನ ಒತ್ತಡ ತುಸು ಏರಿದರೂ ಸಾಕು, ಅದು ಸಿಲಿಂಡರಿನ ಗಾಳಿಯನ್ನೆಲ್ಲ ಬಿಟ್ಟುಕೊಡುತ್ತದೆ. ಹಾಗೆಂದೇ ಅಲ್ಲಿನ ಚಾಲಕರು ಹಗುರವಾಗಿ ಒಮ್ಮೆ ಬ್ರೇಕು ಹಿಡಿಸಿ, ಉಳಿದ ವೇಗನಿಯಂತ್ರಣವನ್ನು, ಎಂಜಿನ್ನಿನ ಮೋಟಾರುಗಳನ್ನೇ ಜನರೇಟರುಗಳನ್ನಾಗಿಸಿ ವೇಗ ತಗ್ಗಿಸುವ ಡೈನಮಿಕ್ ಬ್ರೇಕಿನಿಂದ ಸರಿದೂಗಿಸುತ್ತಾರೆ. ಯೂರೋಪಿನಲ್ಲಿಯೂ ನಮ್ಮ ದೇಶದಲ್ಲಿಯೂ ಬಳಕೆಯಲ್ಲಿರುವ ಕವಾಟಗಳು ಬ್ರೇಕನ್ನು ಹಂತಹಂತವಾಗಿ ಸಡಿಲಿಸಬಲ್ಲವು. ಭಾರತೀಯ ರೈಲ್ವೆಯ ಗೂಡ್ಸ್ ಗಾಡಿಯಲ್ಲಿ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ. ಅದನ್ನು ಸುಮಾರು ಮೂರೂವರೆಗೆ ಇಳಿಸಿದರೆ ಪೂರ್ಣ ಬ್ರೇಕು, ಆಗ ಸಿಲಿಂಡರಿನಲ್ಲಿ 3.8. ಕ್ಯಾಸಲ್‌ರಾಕಿನಿಂದ ಕುಳೆಯ ಕಡೆಗೆ 37 ಅಡಿಗೆ ಒಂದಡಿಯಂತೆ ಇಳಿಯುವ ಘಟ್ಟದಲ್ಲಿ ಗೂಡ್ಸ್ ಗಾಡಿ ನಡೆಸುವವರಿಗೆ ಈ ಅಂಕಿಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓಪನ್ ರೈಲ್ಸಿನಲ್ಲಿ ಹಂತಹಂತವಾಗಿ ಸಡಿಲಿಸುವ ಗುಣವನ್ನು ಎಲ್ಲ ಗಾಡಿಗಳಿಗೂ ಆರೋಪಿಸುವ ಒಂದು ಆಯ್ಕೆಯಿದೆ. ಅದನ್ನು ಗುರುತುಹಾಕಿ ಅಮೆರಿಕದ ಗಾಡಿಯನ್ನು ನಡೆಸಿದವನು ಆ ಗಾಡಿಯ ಮುಖ್ಯವಾದ ಕಷ್ಟವನ್ನೇ ಕಾಣದೆ ಹೋಗುತ್ತಾನೆ. ಎಲ್ಲ ಟ್ಯಾಂಕುಗಳನ್ನೂ ಕ್ಷಣಮಾತ್ರದಲ್ಲಿ ತುಂಬಿಸುವ ಕೀಲಿಯ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗಿದೆ.

ಈ ಅಂಕಿಗಳು ಆಟದ ಅಲಂಕಾರವಲ್ಲವೆಂಬುದಕ್ಕೆ ಎರಡು ದುರಂತಗಳು ಸಾಕ್ಷಿಯಾಗಿವೆ. 1996ರ ಫೆಬ್ರವರಿ 1ರಂದು ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯಲ್ಲಿ ಗೂಡ್ಸ್ ಗಾಡಿಯೊಂದರ ಬ್ರೇಕ್ ಪೈಪು ನಡುವೆ ಕಟ್ಟಿಕೊಂಡಿದ್ದುದರಿಂದ ಎಂಜಿನ್ನಿನಲ್ಲಿ ಮಾಡಿದ ಇಳಿತವು ಹಿಂದಿನ ವ್ಯಾಗನ್ನುಗಳನ್ನು ಮುಟ್ಟಲೇ ಇಲ್ಲ. ಗಾಡಿ ಹತೋಟಿ ತಪ್ಪಿ ಉರುಳಿ ಇಬ್ಬರು ಸಿಬ್ಬಂದಿ ಮಡಿದರು. ಕಟ್ಟಕಡೆಯ ವ್ಯಾಗನ್ನಿನ ಒತ್ತಡವನ್ನು ರೇಡಿಯೋ ಮೂಲಕ ಎಂಜಿನ್ನಿಗೆ ತಿಳಿಸುವುದಲ್ಲದೆ, ಚಾಲಕನ ಆಜ್ಞೆಯಂತೆ ಹಿಂದಿನಿಂದಲೂ ತುರ್ತು ಬ್ರೇಕು ಹಾಕಬಲ್ಲ ಉಪಕರಣವನ್ನು ಅಮೆರಿಕವು 1997ರಲ್ಲಿ ಕಡ್ಡಾಯಗೊಳಿಸಿತು. ಆಟದ ಪರದೆಯ ಮೇಲೆ ಗಾಡಿಯ ಕೊನೆಯದೆಂದು ಕಾಣುವ ಅಂಕಿಯು ಆ ಉಪಕರಣದ ಪ್ರತಿಬಿಂಬ. ಎರಡನೆಯದು 2013ರ ಜುಲೈ 6ರಂದು ಕೆನಡಾದ ಲಾಕ್-ಮೆಗಾಂಟಿಕ್ ಪಟ್ಟಣದಲ್ಲಿ ನಡೆಯಿತು. ಕಚ್ಚಾತೈಲದ 72 ಟ್ಯಾಂಕರುಗಳ ಗಾಡಿಯನ್ನು ಇಳಿಜಾರಿನ ಮೇಲೆ ಸಾಲದಷ್ಟು ಕೈಬ್ರೇಕುಗಳಿಂದಲೂ ಎಂಜಿನ್ನುಗಳ ಗಾಳಿಬ್ರೇಕಿನಿಂದಲೂ ನಿಲ್ಲಿಸಿದ್ದರು. ರಾತ್ರಿ ಎಂಜಿನ್ನಿಗೆ ಬೆಂಕಿ ಹತ್ತಲು ಅದನ್ನು ಆರಿಸಿದವರು ಎಂಜಿನ್ನನ್ನೂ ನಿಲ್ಲಿಸಿದರು. ಗಾಳಿ ತುಂಬುವ ಯಂತ್ರ ಮೌನವಾಗಿ ಒತ್ತಡ ಮೆಲ್ಲಮೆಲ್ಲನೆ ಸೋರಿಹೋಯಿತು. ಅಷ್ಟು ನಿಧಾನವಾದ ಇಳಿತಕ್ಕೆ ವ್ಯಾಗನ್ನುಗಳ ಕವಾಟಗಳು ಎಚ್ಚರಗೊಳ್ಳುವುದಿಲ್ಲ. ಗಾಡಿ ತಾನಾಗಿ ಉರುಳಿ ಪಟ್ಟಣದ ನಡುವೆ ಹಳಿ ತಪ್ಪಿ ಹೊತ್ತಿಕೊಂಡಿತು. 47 ಮಂದಿ ಸತ್ತರು. ಗಾಳಿಯ ಒತ್ತಡವನ್ನು ನೆಚ್ಚಿ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟುಹೋಗಲಾಗದೆಂಬುದು ಆ ರಾತ್ರಿಯ ಬಳಿಕ ವಾದಕ್ಕೆ ಅವಕಾಶವಿಲ್ಲದ ಸಂಗತಿಯಾಯಿತು.

ಓದುಗರಲ್ಲಿ ಯಾರಿಗಾದರೂ ಇಂಥ ಆಟದಲ್ಲಿ ಆಸಕ್ತಿಯಿದ್ದರೆ, ಸುಲಭ ಬ್ರೇಕಿನ ಆಯ್ಕೆಗಳನ್ನೆಲ್ಲ ತೆಗೆದುಹಾಕಿ, ಭಾರವಾದ ಗಾಡಿಯೊಂದನ್ನು ಬೆಟ್ಟದ ಮೇಲೆ ನಿಲ್ಲಿಸಿ, ಹೊರಡುವ ಮುನ್ನ ಹಿಂಭಾಗದ ಅಂಕಿಯನ್ನು ನೋಡಿಕೊಳ್ಳಿರಿ. ಅಮೆರಿಕದ ನಿಯಮದಂತೆ ಬ್ರೇಕಿನ ಪರೀಕ್ಷೆಯ ವೇಳೆ ಅದು ಮುಂಭಾಗದ ಒತ್ತಡಕ್ಕಿಂತ 15 ಪೌಂಡಿಗೆ ಮೀರಿ ಕಡಿಮೆಯಿರಕೂಡದು, 75ಕ್ಕಿಂತ ಕೆಳಗೆ ಇರಲೇಕೂಡದು. ಇಳಿಯುತ್ತಿರುವಾಗ, ಒಮ್ಮೆ ಬಿಟ್ಟ ಬ್ರೇಕನ್ನು ಆ ಅಂಕಿಯು ಮೇಲಕ್ಕೆ ಬರುವ ಮುನ್ನವೇ ಮತ್ತೆ ಹಿಡಿಸಬೇಕಾಗಿ ಬಂದಿದ್ದರೆ, ಅದನ್ನು ಎರಡನೆಯ ಸಲ ಬಿಡಬೇಡಿರಿ; ಬಿಡಲೇಬೇಕಾಗಿ ಬಂದರೆ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಕೈಬ್ರೇಕುಗಳನ್ನು ಹಾಕಿ, ಟ್ಯಾಂಕುಗಳೆಲ್ಲ ತುಂಬಿದ ಮೇಲೆ ಮುಂದೆ ಸಾಗಿರಿ.