ಹಾಯಿನೌಕೆಯ ಮೇಲೆ ಕಿರುದೋಣಿಗೆ ಎಡೆ

ಸಂಸಾರವನ್ನು ನೌಕೆಗೆ ಹೋಲಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಆದರೆ ನೌಕೆಯಲ್ಲಿಯೇ ಸಂಸಾರ ಹೂಡಿರತಕ್ಕವರೂ ಲೋಕದಲ್ಲಿ ಉಂಟು. ಮೂವತ್ತು ನಾಲ್ವತ್ತು ಅಡಿ ಉದ್ದದ ಹಾಯಿನೌಕೆಯೊಂದರಲ್ಲಿ ಅಡಿಗೆಯ ಒಲೆ, ಹಾಸಿಗೆ, ಕುಡಿಯುವ ನೀರು, ತಿಂಗಳುಗಟ್ಟಲೆಯ ದಿನಸಿ ಇವೆಲ್ಲವನ್ನೂ ತುಂಬಿಕೊಂಡು ದಂಪತಿಗಳು, ಕೆಲವೊಮ್ಮೆ ಮಕ್ಕಳೂ ಕೂಡಿ, ಸಾಗರಗಳನ್ನು ದಾಟುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇವರ ಮಟ್ಟಿಗೆ ಅಕ್ಷರಶಃ ನಿಜ. ಇಂಥ ಇಕ್ಕಟ್ಟಾದ ಮನೆಯಲ್ಲಿ ಎಲ್ಲಕ್ಕಿಂತಲೂ ಹೆಚ್ಚು ಎಡೆಯನ್ನು ಬೇಡುವ ಸಾಮಾನು ಇನ್ನೊಂದು ದೋಣಿ. ಅದನ್ನೂ ಅದರ ಎಂಜಿನನ್ನೂ ಎಲ್ಲಿ, ಹೇಗೆ ಇರಿಸತಕ್ಕದ್ದೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನೌಕೆಯೇ ಇರುವಾಗ ಬೇರೊಂದು ದೋಣಿ ಏಕೆಂದು ವಾಚಕರು ಕೇಳಬಹುದು. ಹಾಯಿನೌಕೆಯ ತಳವು ಸಾಮಾನ್ಯವಾಗಿ ನೀರಿನಲ್ಲಿ ಐದಾರು ಅಡಿ ಆಳಕ್ಕೆ ಇಳಿದಿರುವುದರಿಂದ ಅದು ದಡದವರೆಗೆ ಬರಲಾರದು. ದೂರದಲ್ಲಿ ಲಂಗರು ಹಾಕಿ ನಿಂತ ಮೇಲೆ ಕಾಯಿಪಲ್ಲೆ ತರುವುದಕ್ಕೂ, ನೀರು ತುಂಬಿಸಿಕೊಳ್ಳುವುದಕ್ಕೂ, ವೈದ್ಯರನ್ನು ಕಾಣುವುದಕ್ಕೂ ಕಿರುದೋಣಿಯೇ ಗತಿ. ಇಂಗ್ಲಿಷರು ಇದನ್ನು 'ಡಿಂಗಿ' ಎನ್ನುತ್ತಾರೆ. ಆ ಮಾತು ನಮ್ಮ ದೇಶದ ಹಿಂದಿ ಬಂಗಾಳಿ ನುಡಿಗಳಿಂದಲೇ ಅವರಿಗೆ ದೊರೆತದ್ದು. ಹುಟ್ಟು ಹಾಕಿ ನಡೆಸುತ್ತಿದ್ದ ಈ ದೋಣಿಗಳ ಹಿಂಬದಿಗೆ ಈಗ ಔಟ್‌ಬೋರ್ಡ್ ಎಂಜಿನನ್ನು ತಗುಲಿಸುವುದು ರೂಢಿ. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಇಂಥ ಎಂಜಿನುಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅಮೆರಿಕದ ಮಿಲ್ವಾಕಿ ನಗರದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಮಾರಲಾರಂಭಿಸಿದ ಒಂದೂವರೆ ಅಶ್ವಶಕ್ತಿಯ ಯಂತ್ರದಿಂದ ಇದು ಜನಪ್ರಿಯವಾಯಿತು.

ಎಡೆಯ ತೊಂದರೆಗೆ ಪರಿಹಾರ ಕಂಡವರಲ್ಲಿ ಜೋಷುವಾ ಸ್ಲೋಕಮ್ ಎಂಬ ನಾವಿಕನು ಸ್ಮರಣೀಯನು. 1895ರಿಂದ 1898ರವರೆಗೆ 'ಸ್ಪ್ರೇ' ಎಂಬ ನೌಕೆಯಲ್ಲಿ ಒಬ್ಬನೇ ಭೂಪ್ರದಕ್ಷಿಣೆ ಮಾಡಿ, ಆ ಕಾರ್ಯದಲ್ಲಿ ಮೊದಲಿಗನೆನಿಸಿದವನು ಈತ. ಆ ನೌಕೆಯ ಉದ್ದ ಮೂವತ್ತೇಳು ಅಡಿಗೂ ಕಡಮೆ. ಇಡಿಯ ದೋಣಿಯೊಂದು ಅದರ ಮೇಲೆ ಹಿಡಿಸುವಂತಿರಲಿಲ್ಲ. ಆತನು ಹಳೆಯ ದೋಣಿಯೊಂದನ್ನು ನಡುವೆ ಅಡ್ಡಲಾಗಿ ಕೊಯ್ದು, ಕೊಯ್ದ ಕಡೆಗೆ ಹಲಗೆ ಬಡಿದು, ಅರ್ಧದೋಣಿಯನ್ನೇ ಒಯ್ದನು. ಹಾಯಿ ಎತ್ತುವ ಹಗ್ಗದಿಂದ ಒಬ್ಬನೇ ಅದನ್ನು ಇಳಿಸಿ ಏರಿಸಬಹುದಾಗಿತ್ತು. ಬಟ್ಟೆ ಒಗೆಯುವ ತೊಟ್ಟಿಯೂ ಅದೇ, ಸ್ನಾನದ ತೊಟ್ಟಿಯೂ ಅದೇ! ಒಬ್ಬನ ಕೈಗೆ ಏರಿಸಲು ಇಳಿಸಲು ಆಗುವಷ್ಟೇ ದೊಡ್ಡ ದೋಣಿಯನ್ನು ಒಯ್ಯಬೇಕೆಂಬ ಆತನ ನೀತಿಯು ಇಂದಿಗೂ ಸಲ್ಲುತ್ತದೆ.

ಇರಿಸುವ ವಿಧಾನಗಳಲ್ಲಿ ಸುಲಭವಾದುದು ದೋಣಿಯನ್ನು ಹಗ್ಗ ಕಟ್ಟಿ ಹಿಂದೆ ಎಳೆದೊಯ್ಯುವುದು. ತಿಳಿನೀರಿನ ಒಳಕೊಲ್ಲಿಯಲ್ಲಿ ಇದು ಸರಿ. ತೆರೆದ ಕಡಲಿನಲ್ಲಾದರೋ ದೋಣಿಯಲ್ಲಿ ನೀರು ತುಂಬುವುದುಂಟು, ಹಗ್ಗ ಹರಿಯುವುದುಂಟು; ಹಿಂದಿನಿಂದ ಏರಿಬರುವ ತೆರೆಯು ದೋಣಿಯನ್ನು ನೌಕೆಯ ಬೆನ್ನಿಗೇ ತಂದು ಅಪ್ಪಳಿಸುವುದೂ ಉಂಟು. ದೀರ್ಘಪ್ರಯಾಣಕ್ಕೆ ಇದು ಸರ್ವಥಾ ಸಲ್ಲದು.

ಎರಡನೆಯದು, ನೌಕೆಯ ಹಿಂಬದಿಯಲ್ಲಿ ಎರಡು ಲೋಹದ ತೋಳುಗಳನ್ನು ನಿಲ್ಲಿಸಿ ದೋಣಿಯನ್ನು ತೊಟ್ಟಿಲಿನಂತೆ ತೂಗುಹಾಕುವುದು. ಏರಿಸಲು ಇಳಿಸಲು ಇದರಷ್ಟು ಅನುಕೂಲ ಬೇರೊಂದಿಲ್ಲ. ತೂಗುಹಾಕಿದೊಡನೆ ದೋಣಿಯ ತಳದ ಬಿರಡೆಯನ್ನು ತೆಗೆದಿಡತಕ್ಕದ್ದು. ಇಲ್ಲವಾದರೆ ಒಂದು ರಾತ್ರಿಯ ಮಳೆಯೇ ಅದನ್ನು ತುಂಬಿಬಿಟ್ಟೀತು. ಮರಳಿ ನೀರಿಗಿಳಿಸುವ ಮುನ್ನ ಬಿರಡೆಯನ್ನು ಹಾಕಲು ಮರೆಯಕೂಡದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ದೊಡ್ಡ ತೆರೆಯೊಂದು ಬಂದು ತುಂಬಿದರೆ ಚಿಕ್ಕ ಬಿರಡೆಯ ಕಂಡಿಯಿಂದ ನೀರು ಕೂಡಲೇ ಹರಿದುಹೋಗಲಾರದು. ನೀರಿನ ತೂಕ ಘನಮೀಟರಿಗೆ ಸಾವಿರ ಕಿಲೋಗ್ರಾಂ. ಒಂಬತ್ತಡಿಯ ದೋಣಿ ಅಂಚಿನವರೆಗೆ ತುಂಬಿದರೆ ಅರ್ಧ ಟನ್ನಿಗೂ ಮೀರಿದ ಭಾರವು ಆ ತೋಳುಗಳ ಮೇಲೆ ಬಿದ್ದು, ಅವು ಬಾಗಬಹುದು, ಮುರಿಯಲೂಬಹುದು. ಅದು ಕಾರಣ, ಸಾಗರವನ್ನು ದಾಟುವಾಗ ತೋಳುಗಳನ್ನು ನಂಬದೆ ದೋಣಿಯನ್ನು ಒಳಕ್ಕೆ ತೆಗೆದುಕೊಳ್ಳುವುದೇ ಜಾಣತನ.

ಮೂರನೆಯದು ಡೆಕ್ಕಿನ ಮೇಲೆ, ಕೂವೆಮರದ ಮುಂದಾಗಲಿ ಹಿಂದಾಗಲಿ, ದೋಣಿಯನ್ನು ಬೋರಲು ಹಾಕಿ ಬಿಗಿಯುವುದು. ಬೋರಲಾದ ದೋಣಿಯಲ್ಲಿ ನೀರು ನಿಲ್ಲದು. ಅದನ್ನು ಕೂರಿಸಲು ಮರದ ಅಡಿಗಟ್ಟುಗಳನ್ನು ಮಾಡಿಸಿ, ಡೆಕ್ಕಿಗೆ ಭದ್ರವಾಗಿ ತಿರುಪು ಹಾಕಿದ ಬಳೆಗಳಿಗೆ ಹಗ್ಗವನ್ನು ಎರಡೂ ಕಡೆ ಅಡ್ಡಡ್ಡಲಾಗಿ ಬಿಗಿಯಬೇಕು. ಬರಿಯ ಕಟಕಟೆಗೆ ಕಟ್ಟಿದರೆ ತೆರೆಯ ಹೊಡೆತಕ್ಕೆ ಕಟಕಟೆಯೂ ಕಿತ್ತುಹೋದೀತು. ಚುಕ್ಕಾಣಿ ಹಿಡಿದವನ ನೋಟಕ್ಕೆ ದೋಣಿ ಅಡ್ಡವಾಗದಂತೆಯೂ, ಹೊರಬರುವ ಬಾಗಿಲನ್ನು ಅದು ಮುಚ್ಚದಂತೆಯೂ ನೋಡಿಕೊಳ್ಳುವುದು ಅವಶ್ಯ.

ಎಡೆ ತೀರ ಕಡಮೆಯಾದವರು ಗಾಳಿ ತುಂಬುವ ರಬ್ಬರು ದೋಣಿಯನ್ನು ಆಶ್ರಯಿಸುತ್ತಾರೆ. ಗಾಳಿ ಬಿಟ್ಟು ಸುತ್ತಿದರೆ ಅದು ಒಂದು ದೊಡ್ಡ ಹಾಸಿಗೆಯ ಸುರುಳಿಯಷ್ಟಾಗುತ್ತದೆ. ಸುತ್ತುವ ಮುನ್ನ ಉಪ್ಪುನೀರನ್ನು ಸಿಹಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮಡಿಕೆಗಳಲ್ಲಿ ಮರಳು ಉಳಿಯದಂತೆ ಒರೆಸಬೇಕು. ಎಡಬಿಡದ ಬಿಸಿಲು ಇದಕ್ಕೆ ಪರಮಶತ್ರು.

ಇನ್ನು ಎಂಜಿನಿನ ವಿಚಾರ. ಕಡಲಿಗೆ ಹೊರಡುವಾಗ ಎಂಜಿನನ್ನು ದೋಣಿಯ ಮೇಲೆಯೇ ಬಿಡಕೂಡದು. ಎರಡೂವರೆ ಅಶ್ವಶಕ್ತಿಯ ಚಿಕ್ಕ ಯಂತ್ರವೇ ಸುಮಾರು 17 ಕಿಲೋಗ್ರಾಂ ತೂಗುತ್ತದೆ. ಹತ್ತು ಅಶ್ವಶಕ್ತಿಯ ಸಮೀಪದ್ದು 40ರ ಆಸುಪಾಸು. ಕಡಲಿಗೆ ಬೀಳುವ ಎಂಜಿನುಗಳು ಬಹುಶಃ ದೋಣಿಯಿಂದ ನೌಕೆಗೆ ಸಾಗಿಸುವ ಆ ಅರೆಗಳಿಗೆಯಲ್ಲಿಯೇ ಬೀಳುತ್ತವೆ. ಆದ್ದರಿಂದ ತಿರುಪನ್ನು ಸಡಿಲಿಸುವ ಮೊದಲೇ ಎಂಜಿನಿಗೆ ಗಟ್ಟಿಯಾದ ಹಗ್ಗವನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ನೌಕೆಗೆ ಬಿಗಿದಿರಬೇಕು. ಭಾರವಾದುದನ್ನು ರಾಟೆಯಿಂದ ಎತ್ತುವುದೇ ಲೇಸು. ಬಳಿಕ ನೌಕೆಯ ಹಿಂಬದಿಯ ಕಟಕಟೆಗೆ ಜೋಡಿಸಿದ ಮರದ ದಿಮ್ಮಿಗೆ ಅದನ್ನು ನೆಟ್ಟಗೆ ನಿಲ್ಲಿಸಿ ತಿರುಪು ಬಿಗಿಯತಕ್ಕದ್ದು. ಮಲಗಿಸಲೇಬೇಕಾದರೆ, ನಾಲ್ಕು ಹೊಡೆತದ ಎಂಜಿನಿನಲ್ಲಿ ತಯಾರಕರು ಸೂಚಿಸಿದ ಮಗ್ಗುಲಿಗೇ ಮಲಗಿಸಬೇಕು. ತಪ್ಪಿದರೆ ಎಣ್ಣೆಯು ಸಿಲಿಂಡರಿನೊಳಕ್ಕೆ ಹರಿಯುತ್ತದೆ. ತಲೆಯ ಭಾಗವು ಕಾಲಿನ ಭಾಗಕ್ಕಿಂತ ತಗ್ಗಿನಲ್ಲಿರಲೂ ಬಾರದು; ಉಳಿದ ನೀರು ಯಂತ್ರಕ್ಕೆ ಇಳಿದೀತು.

ಪೆಟ್ರೋಲಿನ ವಿಷಯದಲ್ಲಿ ಉದಾಸೀನವು ಪ್ರಾಣಕ್ಕೇ ಎರವು. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ಮೇಲಕ್ಕೆ ಚದರಿಹೋಗದೆ ನೌಕೆಯ ತಳದಲ್ಲಿ ಸಂಗ್ರಹವಾಗುತ್ತದೆ. ಒಲೆಯ ಒಂದು ಕಿಡಿ ತಗುಲಿದರೆ ಸಾಕು, ನೌಕೆಯೇ ಸಿಡಿದುಹೋದೀತು. ಪೆಟ್ರೋಲಿನ ಡಬ್ಬಿಯನ್ನಾಗಲಿ, ಟಾಂಕಿಯಲ್ಲಿ ಪೆಟ್ರೋಲು ಉಳಿದ ಎಂಜಿನನ್ನಾಗಲಿ ಮಲಗುವ ಕೋಣೆಯ ಕೆಳಗೆ ಎಂದೂ ಇಡಬಾರದು. ಡೆಕ್ಕಿನ ಮೇಲೆ, ಗಾಳಿಯಾಡುವ, ಆವಿಯು ನೇರವಾಗಿ ಹೊರಕ್ಕೆ ಇಳಿದುಹೋಗುವಂತಿರುವ ಪೆಟ್ಟಿಗೆಯೇ ಅದರ ಸ್ಥಾನ. ಈಚೆಗೆ ಬಂದಿರುವ ವಿದ್ಯುತ್ತಿನ ಎಂಜಿನುಗಳಲ್ಲಿ ಈ ಭಯವಿಲ್ಲ.

ಲಂಗರು ಹಾಕಿ ನಿಂತಾಗ ಬೇರೊಂದು ಭಯ, ಕಳ್ಳರದು. ಕತ್ತಲಾದ ಮೇಲೆ ದೋಣಿಯನ್ನು ನೀರಿನಲ್ಲಿ ಬಿಡದೆ ನೌಕೆಯ ಮಗ್ಗುಲಿಗೆ ಎತ್ತಿಕಟ್ಟಿ ಸರಪಳಿ ಬೀಗ ಹಾಕುವುದು ಕೆರಿಬ್ಬಿಯನ್ ದ್ವೀಪಗಳಲ್ಲಿ ಸಂಚರಿಸುವ ನಾವಿಕರ ಪದ್ಧತಿ. 'ಎತ್ತಿದರೆ ಉಳಿಯಿತು, ಬಿಟ್ಟರೆ ಹೋಯಿತು' ಎಂಬರ್ಥದ ಮಾತು ಅವರಲ್ಲಿ ಬಳಕೆಯಲ್ಲಿದೆ.

ಇಷ್ಟು ಜೋಪಾನ ಒಂದು ಕಿರುದೋಣಿಗೆ ಬೇಕೆ ಎನ್ನುವವರಿಗೆ ರಾಬರ್ಟ್‌ಸನ್ ಕುಟುಂಬದ ವೃತ್ತಾಂತವೇ ಉತ್ತರ. ಡೂಗಲ್ ರಾಬರ್ಟ್‌ಸನ್ ಎಂಬ ಬ್ರಿಟಿಷ್ ಗೃಹಸ್ಥನು 1971ರಲ್ಲಿ ಹೆಂಡತಿ ಮಕ್ಕಳೊಡನೆ 'ಲ್ಯೂಸೆಟ್' ಎಂಬ ನೌಕೆಯಲ್ಲಿ ಹೊರಟನು. 1972ನೆಯ ಜೂನ್ 15ರಂದು, ಗಲಾಪಗೋಸ್ ದ್ವೀಪಗಳ ಪಶ್ಚಿಮಕ್ಕೆ, ಕೊಲೆಗಾರ ತಿಮಿಂಗಿಲಗಳು ತಾಗಿ ನೌಕೆಯು ಒಡೆದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಗಾಳಿ ತುಂಬುವ ತೆಪ್ಪವೂ, 'ಎಡ್ನಾಮೇರ್' ಎಂಬ ಕಿರುದೋಣಿಯೂ ಕೈಗೆ ದಕ್ಕಿದವು. ತೆಪ್ಪವು ಹದಿನೇಳು ದಿನಗಳಲ್ಲಿ ಕೆಟ್ಟು ಕೈಬಿಟ್ಟಿತು. ಆ ಬಳಿಕ ತಂದೆ, ತಾಯಿ, ಮೂವರು ಗಂಡುಮಕ್ಕಳು, ಜೊತೆಗಿದ್ದ ಒಬ್ಬ ತರುಣ, ಹೀಗೆ ಆರು ಜೀವಗಳು ಆ ಸಣ್ಣ ದೋಣಿಯೊಂದನ್ನೇ ನಂಬಿ, ಮಳೆಯ ನೀರನ್ನೂ ಕಡಲಾಮೆಯ ಮಾಂಸವನ್ನೂ ಸೇವಿಸುತ್ತ ಕುಳಿತವು. ಮೂವತ್ತೆಂಟನೆಯ ದಿನ ಜಪಾನೀ ಮೀನುಗಾರಿಕೆಯ ಹಡಗೊಂದು ಅವರನ್ನು ಕಂಡು ರಕ್ಷಿಸಿತು. ಆರು ಮಂದಿಯೂ ಬದುಕಿದರು.

ಹಾಗೆಂದು ಕಿರುದೋಣಿಯೇ ಸಾಕು, ರಕ್ಷಣೆಯ ತೆಪ್ಪ ಬೇಡವೆಂದು ಭಾವಿಸಲಾಗದು. ಸುತ್ತಿಟ್ಟ ರಬ್ಬರು ದೋಣಿಗೆ ಗಾಳಿ ತುಂಬುವಷ್ಟರಲ್ಲಿ ನೌಕೆಯೇ ಮುಳುಗೀತು. ಎರಡೂ ಇರಬೇಕು, ಎರಡರ ಕಟ್ಟುಗಳೂ ತೆರೆಗೆ ಬಿಚ್ಚದಂತಿದ್ದು ಮನುಷ್ಯನ ಕೈಗೆ ಕೂಡಲೇ ಬಿಚ್ಚುವಂತಿರಬೇಕು. ಹಗ್ಗ ಕೊಯ್ಯಲು ಹರಿತವಾದ ಚೂರಿಯೊಂದು ಸಮೀಪದಲ್ಲಿಯೇ ಇರಬೇಕು. ನೌಕೆಯಲ್ಲಿರುವ ಪ್ರತಿಯೊಬ್ಬರೂ, ಮಕ್ಕಳು ಸಹಿತ, ಆ ಗಂಟುಗಳನ್ನು ಹಗಲಿನಲ್ಲಿ ಬಿಚ್ಚಿ ಕಟ್ಟಿ ಅಭ್ಯಾಸ ಮಾಡಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪಾಡು ಕಡಲಿನ ನಡುವೆ ಯಾರಿಗೂ ಬರಬಾರದು.