ಟೈರ್ ಬೆಲೆ ಆಮೇಲೆ, ಮೊದಲು ಕಿಲೋಮೀಟರ್ ಲೆಕ್ಕ

ಬೊಮ್ಮಸಂದ್ರದಲ್ಲಿ ಹೊಸೂರು ರಸ್ತೆಯಿಂದ ಸರ್ವಿಸ್ ರೋಡಿಗೆ ಇಳಿದು ಯಾವುದಾದರೂ ಟೈರ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತ್ಕೊಳ್ಳಿ. ಕ್ಯಾಬ್ ಒಂದು ಬರುತ್ತೆ. ಡ್ರೈವರ್ ಕೇಳೋದು ಒಂದೇ ಮಾತು: "ಅಣ್ಣಾ, ನಾಲ್ಕಕ್ಕೆ ಎಷ್ಟಾಗುತ್ತೆ? ಕಡಿಮೆದು ಯಾವುದಿದೆ?"

ಅವರನ್ನ ದೂರೋಕಾಗಲ್ಲ. ಗಾಡಿ ಕಂತು, ಇನ್ಶೂರೆನ್ಸ್, ಮಕ್ಕಳ ಫೀಸು ಎಲ್ಲಾ ಆ ಒಂದು ಸ್ಟೇರಿಂಗ್ ಮೇಲೇ ನಿಂತಿರುತ್ತೆ. ಆದ್ರೆ ಆ ಪ್ರಶ್ನೆ ಕೇಳಿ ಟೈರ್ ತಗೊಂಡ್ರೆ ದುಡ್ಡು ಉಳಿಯಲ್ಲ.

ಲೆಕ್ಕ ಹಾಕೋಣ ಬನ್ನಿ. 2,800 ರೂಪಾಯಿ ಟೈರು 25 ಸಾವಿರ ಕಿಲೋಮೀಟರ್ ಬಂತು ಅಂದ್ಕೊಳ್ಳಿ. ಕಿಲೋಮೀಟರಿಗೆ 11 ಪೈಸೆ ದಾಟುತ್ತೆ. 4,000 ರೂಪಾಯಿದು 45 ಸಾವಿರ ಬಂದ್ರೆ 9 ಪೈಸೆನೂ ಆಗಲ್ಲ. ತಿಂಗಳಿಗೆ 5 ಸಾವಿರ ಕಿಲೋಮೀಟರ್ ಓಡಿಸೋರಿಗೆ ಮೊದಲನೇದು ಐದೇ ತಿಂಗಳಿಗೆ ಮುಗೀತು. ಎರಡನೇದು ಒಂಬತ್ತು ತಿಂಗಳು. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬರೋ ಕಾರಿನವರಿಗೆ ಈ ಲೆಕ್ಕ ಬೇಡ, ಹೈವೇಲಿ ದುಡಿಯೋರಿಗೆ ಬೇಕೇ ಬೇಕು. ಇನ್ನೊಂದು ವಿಷಯ, 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ ಇಲ್ಲದೆ ತಗೋಬೇಡಿ.

ಸರಿ, ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತೀರಾ? ಕಪ್ಪು ಪಾಲಿಶ್ ಹೊಡೆದು ಮಿರಮಿರ ಮಿಂಚಿಸಿಟ್ಟಿರ್ತಾರೆ. ಸವೆದ ಟೈರಿಗೆ ಬಿಸಿ ಬ್ಲೇಡ್‌ನಲ್ಲಿ ಮತ್ತೆ ಗೆರೆ ಕೊರೆದು ಮಾರೋರೂ ಇದ್ದಾರೆ. ಹಾಗೆ ಕೊರೆಯೋಕೆ ಅಂತಲೇ ಕೆಲವು ಲಾರಿ ಟೈರುಗಳಲ್ಲಿ ಹೆಚ್ಚುವರಿ ರಬ್ಬರ್ ಇರುತ್ತೆ. ಕಾರಿನ ಟೈರಲ್ಲಿ ಅದಿಲ್ಲ, ಕೊರೆದರೆ ಒಳಗಿನ ನೂಲಿಗೇ ಹತ್ತಿರವಾಗ್ತೀರಿ. ಅದು ಬೇಡವೇ ಬೇಡ.

ಟೈರಿನ ಪಕ್ಕದಲ್ಲಿ ಬರೆದಿರೋದನ್ನ ಓದಿ. 165/80 ಆರ್14 85ಟಿ ಅಂತಿದ್ರೆ, 85 ಅಂದ್ರೆ ಒಂದು ಟೈರು 515 ಕೆಜಿ ಹೊರುತ್ತೆ. ಟಿ ಅಂದ್ರೆ ಗಂಟೆಗೆ 190 ಕಿಲೋಮೀಟರ್ ವೇಗ ತಡೆಯುತ್ತೆ. ಯಾರು ಸ್ವಾಮಿ 190ರಲ್ಲಿ ಹೋಗೋರು ಅನ್ನಬೇಡಿ. ಆ ಅಕ್ಷರ ಹೇಳೋದು ಟೈರು ಎಷ್ಟು ಬಿಸಿ ತಡೆಯುತ್ತೆ ಅನ್ನೋದನ್ನೂ. ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯಬೇಡಿ. ಆಮೇಲೆ ನಾಲ್ಕಂಕಿಯ ತಾರೀಕು. 3125 ಅಂದ್ರೆ 2025ನೇ ಇಸವಿಯ 31ನೇ ವಾರ ತಯಾರಾದದ್ದು.

ನಾಲ್ಕಕ್ಕೂ ಒಟ್ಟಿಗೆ ದುಡ್ಡಿಲ್ವಾ? ಎರಡು ಹಾಕ್ಸಿ. ಆದ್ರೆ ಎಲ್ಲಿಗೆ? ಹೆಚ್ಚಿನೋರು ಮುಂದಕ್ಕೆ ಅಂತಾರೆ. ಟೈರ್ ಕಂಪನಿಗಳು ಹೇಳೋದು ಹಿಂದಕ್ಕೆ! ಕಾರಣ ಇದೆ. ಮಳೆ ನೀರಲ್ಲಿ ಮುಂದಿನ ಚಕ್ರ ಜಾರಿದ್ರೆ ಗಾಡಿ ತಿರುವು ಬಿಟ್ಟು ನೇರಕ್ಕೆ ಹೋಗುತ್ತೆ, ಆಕ್ಸಿಲರೇಟರ್ ಬಿಟ್ರೆ ಹಿಡಿತಕ್ಕೆ ಬರೋ ಸಾಧ್ಯತೆ ಇದೆ. ಹಿಂದಿನದು ಜಾರಿದ್ರೆ ಗಾಡಿ ಬುಗುರಿ ಥರ ಸುತ್ತುತ್ತೆ, ಯಾವ ಡ್ರೈವರ್ ಕೈಗೂ ಸಿಗಲ್ಲ. ಹಿಂದಿನ ಹಳೇ ಜೋಡಿ ಚೆನ್ನಾಗಿದ್ರೆ ಮುಂದಕ್ಕೆ ಬರಲಿ, ಹೊಸ ಜೋಡಿ ಹಿಂದಕ್ಕೆ ಹೋಗಲಿ.

ನೀರಿನ ಮಾತು ಸುಮ್ಮನೆ ಹೇಳ್ತಿಲ್ಲ. ಬೊಮ್ಮಸಂದ್ರದಿಂದ ನೈಸ್ ರೋಡ್ ಹಿಡಿದು ಮೈಸೂರು ಕಡೆ ತಿರುಗಿದ್ರೆ ಸಿಗೋ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ಕ್ಕೆ. ವಾರದೊಳಗೆ ರಾಮನಗರದ ಹತ್ತಿರ ಮಳೆ ನೀರು ನಿಂತಿದ್ದನ್ನ ಇಡೀ ರಾಜ್ಯ ಟಿವೀಲಿ ನೋಡ್ತು. ವೇಗದಲ್ಲಿ ಅಂಥ ನೀರಿಗೆ ನುಗ್ಗಿದಾಗ ಅದನ್ನ ಪಕ್ಕಕ್ಕೆ ತಳ್ಳೋದು ಟೈರಿನ ಗೆರೆಗಳೇ. ಕಾನೂನು ಕಾರಿಗೆ 1.6 ಮಿಲಿಮೀಟರ್ ಆಳ ಸಾಕು ಅನ್ನುತ್ತೆ. ಹೈವೇಲಿ ಓಡೋರು 3 ಮಿಲಿಮೀಟರಿಗೆ ಬಂದಾಗಲೇ ಬದಲಾಯಿಸೋದು ಒಳ್ಳೇದು.

ಇನ್ನು ಗಾಳಿ. "ಬೇಸಿಗೆ ಕಣಣ್ಣಾ, ಗಾಳಿ ಸ್ವಲ್ಪ ಕಡಿಮೆ ಇರ್ಲಿ, ಇಲ್ಲಾಂದ್ರೆ ಸಿಡಿಯುತ್ತೆ" ಅಂತಾರಲ್ಲ, ಇದು ಉಲ್ಟಾ. ಗಾಳಿ ಕಡಿಮೆಯಾದ್ರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತೆ, ಮಡಚಿ ಮಡಚಿ ಬಿಸಿಯಾಗುತ್ತೆ, ಗಂಟೆಗಟ್ಟಲೆ ವೇಗದಲ್ಲಿ ಓಡಿದ್ರೆ ಅಲ್ಲೇ ಸಿಡಿಯುತ್ತೆ. ಡ್ರೈವರ್ ಬಾಗಿಲ ಹತ್ತಿರ ಅಂಟಿಸಿರೋ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟು ಹಾಕಿ, ಬೆಳಿಗ್ಗೆ ಗಾಡಿ ಓಡೋ ಮುಂಚೆ. ನೈಟ್ರೋಜನ್ನೇ ಬೇಕು ಅಂತೇನಿಲ್ಲ, ಮಾಮೂಲಿ ಗಾಳಿಯಲ್ಲೇ ಶೇ. 78ರಷ್ಟು ಅದೇ ಇದೆ. ಸ್ಟೆಪ್ನಿಗೂ ನೋಡ್ಸಿ.

ಕೊನೇದಾಗಿ ಈ ಮಾತು ಡ್ರೈವರಿಗಲ್ಲ, ಕಂಪನಿಗಳಿಗೆ. ಮೇಲಿನ ಲೆಕ್ಕದಲ್ಲಿ ಒಳ್ಳೇ ಟೈರು ಹಾಕಿದ್ರೂ ನಾಲ್ಕಕ್ಕೆ ಸೇರಿ ಕಿಲೋಮೀಟರಿಗೆ ಸುಮಾರು 36 ಪೈಸೆ ಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಬೊಮ್ಮಸಂದ್ರದಲ್ಲಿ ರಾತ್ರಿ ಶಿಫ್ಟಿಗೆ ನಿಮ್ಮ ಹುಡುಗ ಹುಡುಗೀರನ್ನ ಕರ್ಕೊಂಡು ಬರೋ ಕ್ಯಾಬಿಗೆ ಕಿಲೋಮೀಟರಿಗೆ ಇಷ್ಟು ಅಂತ ರೇಟ್ ಕಟ್ಟುವಾಗ ಆ 36 ಪೈಸೆನ ಯಾರಾದ್ರೂ ಬರ್ಕೊಂಡಿದ್ದೀರಾ?