ಪಂಕ್ತಿಯಿಂದ ಉಪಾಹಾರ ಮಂದಿರಕ್ಕೆ: ದಕ್ಷಿಣ ಬೆಂಗಳೂರಿನ ಭೋಜನೋಪಚಾರ, ಜಾರ್ಜಿಯಾದ ಹೋಲಿಕೆಯೊಡನೆ

ಅತಿಥಿಗೆ ಅನ್ನವಿಕ್ಕುವುದು ಧರ್ಮವೆಂದು ಎಣಿಸಿದ ಸಮಾಜದಲ್ಲಿ, ಅನ್ನವನ್ನು ಹಣಕ್ಕೆ ಮಾರುವ ಮಂದಿರವು ಗೌರವದ ಸ್ಥಾನವನ್ನು ಪಡೆದುದು ಹೇಗೆ? ಮನೆಯ ಉಪಚಾರದಲ್ಲಿದ್ದ ಯಾವ ಅಂಶಗಳು ಅಲ್ಲಿ ಉಳಿದುವು, ಯಾವುವು ಅಳಿದುವು? ಈ ಪ್ರಶ್ನೆಗಳನ್ನು ದಕ್ಷಿಣ ಬೆಂಗಳೂರಿನ ನಿದರ್ಶನದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗಾಗಿ ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ ಜಾರ್ಜಿಯಾ ದೇಶವನ್ನು ತೆಗೆದುಕೊಂಡಿದೆ. ಅತಿಥಿಯು ದೇವರು ಕಳುಹಿಸಿದವನೆಂಬ ಭಾವನೆ ಅಲ್ಲಿಯೂ ಬಲವಾಗಿದೆ. ಆ ಭಾವನೆಯನ್ನು ಆಧುನಿಕ ಭೋಜನಶಾಲೆಗೆ ತರುವ ಪ್ರಯತ್ನವೂ ಅಲ್ಲಿ ನಡೆದಿದೆ.

ಜಾರ್ಜಿಯನ್ನರ ಸಾಂಪ್ರದಾಯಿಕ ಔತಣಕ್ಕೆ ‘ಸುಪ್ರಾ’ ಎಂದು ಹೆಸರು. ಅದನ್ನು ನಡೆಸುವವನು ‘ತಮದಾ’. ದೇವರು, ದೇಶ, ಗತಿಸಿದ ಹಿರಿಯರು, ಮಕ್ಕಳು, ಅತಿಥಿಗಳು, ಹೀಗೆ ಒಂದೊಂದು ವಿಷಯವನ್ನೆತ್ತಿಕೊಂಡು ಅವನು ಶುಭನುಡಿಗಳನ್ನಾಡುತ್ತಾನೆ. ಉಳಿದವರು ಅದನ್ನೇ ಬೆಳೆಸಿ ನುಡಿದು ದ್ರಾಕ್ಷಾಮದ್ಯವನ್ನು ಕುಡಿಯುತ್ತಾರೆ. ನೆಲದಲ್ಲಿ ಹೂತ ‘ಕ್ವೆವ್ರಿ’ ಎಂಬ ಮಣ್ಣಿನ ಗುಡಾಣಗಳಲ್ಲಿ ಈ ಮದ್ಯವನ್ನು ಮಾಡುವ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು ೨೦೧೩ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಚೀಸ್ ತುಂಬಿದ ರೊಟ್ಟಿಯಾದ ಖಾಚಪುರಿ, ಅಕ್ರೋಟನ್ನು ಅರೆದು ಮಾಡುವ ಸತ್ಸಿವಿ ಮೊದಲಾದ ಭಕ್ಷ್ಯಗಳು ಸರದಿಯಂತೆ ಬರುವುದಿಲ್ಲ. ತಟ್ಟೆಯ ಮೇಲೆ ತಟ್ಟೆಯೇರುವಂತೆ ಮೇಜನ್ನೇ ತುಂಬುತ್ತವೆ. ೧೮೭೪ರಲ್ಲಿ ಬಾರ್ಬರೆ ಜೋರ್ಜಾಡ್ಜೆ ಎಂಬ ಲೇಖಕಿಯ ಪಾಕಗ್ರಂಥವು ಪ್ರಕಟವಾಯಿತು. ರಾಜಧಾನಿ ತ್ಬಿಲಿಸಿಯಲ್ಲಿರುವ ‘ಬಾರ್ಬರೆಸ್ತಾನ್’ ಎಂಬ ಭೋಜನಶಾಲೆಯು ಈ ಗ್ರಂಥವನ್ನೇ ಆಧಾರವಾಗಿಟ್ಟುಕೊಂಡು ಹುಟ್ಟಿದುದು. ಅಲ್ಲಿ ಗೃಹಿಣಿಯರಿಗಾಗಿ ಬರೆದ ಪುಸ್ತಕವು ಪೇಟೆಯ ಭೋಜನಕ್ಕೆ ಮೂಲವಾಯಿತು.

ಪಾಕಗ್ರಂಥಗಳಿಗೆ ನಮ್ಮಲ್ಲಿಯೂ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ಕುರಿತ ಅಧ್ಯಾಯವೇ ಉಂಟು, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಕನ್ನಡ ಷಟ್ಪದಿಯಲ್ಲಿದೆ. ಆದರೆ ಬೆಂಗಳೂರಿನ ಉಪಾಹಾರ ಮಂದಿರಗಳು ಹುಟ್ಟಿದುದು ಈ ಗ್ರಂಥಗಳಿಂದಲ್ಲ. ಅವು ಹುಟ್ಟಿದುದು ಕರಾವಳಿಯ ಅಡಿಗೆಯವರ ಕೈಯಿಂದ, ಬಾಯಿಮಾತಿನ ಪರಂಪರೆಯಿಂದ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರಿನಿಂದ ಆರಂಭಿಸಿದ ಹೋಟೆಲು ೧೯೬೦ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದು ‘ಮಾವಳ್ಳಿ ಟಿಫಿನ್ ರೂಮ್ಸ್’ ಎನಿಸಿತು. ಬಸವನಗುಡಿಯ ಗಾಂಧಿಬಜಾರಿನಲ್ಲಿ ೧೯೪೩ರಲ್ಲಿ ತೆರೆದ ‘ವಿದ್ಯಾರ್ಥಿ ಭವನ’ದ ಹೆಸರೇ ಅದರ ಮೊದಲ ಅತಿಥಿಗಳು ಯಾರೆಂಬುದನ್ನು ತಿಳಿಸುತ್ತದೆ. ೧೮೯೮ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ೧೯೪೮ರಲ್ಲಿ ಆರಂಭವಾದ ಜಯನಗರ, ಇಂಥ ಬಡಾವಣೆಗಳಿಗೆ ಊರು ಬಿಟ್ಟು ಬಂದ ವಿದ್ಯಾರ್ಥಿಗೂ ನೌಕರನಿಗೂ ಮನೆಯೂಟಕ್ಕೆ ಪ್ರತಿಯಾದುದೊಂದು ಬೇಕಾಗಿದ್ದಿತು.

ಮನೆಯ ಉಪಚಾರದ ಯಾವ ಅಂಶವು ಇಲ್ಲಿ ಉಳಿಯಿತು? ಮೊದಲನೆಯದು ಬಡಿಸುವ ಕ್ರಮ. ಬಾಳೆಯೆಲೆಯಲ್ಲಿ ಉಪ್ಪು, ಕೋಸಂಬರಿ, ಪಲ್ಯಗಳಿಗೆ ಗೊತ್ತಾದ ಸ್ಥಾನವುಂಟು. ಅನ್ನಕ್ಕೆ ತೊವ್ವೆ ತುಪ್ಪ, ಬಳಿಕ ಸಾರು, ಹುಳಿ, ಕಡೆಯಲ್ಲಿ ಮಜ್ಜಿಗೆ. ಸುಪ್ರಾದ ತುಂಬಿದ ಮೇಜನ್ನು ಯೂರೋಪಿನ ರೀತಿಯ ಸರದಿಯ ಊಟವನ್ನಾಗಿಸಲು ಜಾರ್ಜಿಯನ್ನರು ಅದನ್ನು ಒಡೆಯಬೇಕಾಗುತ್ತದೆ. ನಮ್ಮ ಎಲೆಯ ಊಟಕ್ಕಾದರೋ ಸರದಿಯು ಸ್ವಭಾವಸಿದ್ಧವಾದುದು. ಎರಡನೆಯದು ಶುಚಿತ್ವ, ಆದರೆ ಅದರ ಅರ್ಥವೇ ಮಾರ್ಪಟ್ಟಿತು. ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಭೋಜನಶಾಲೆಗಳ ನೈರ್ಮಲ್ಯವನ್ನು ಕಂಡು ಬಂದರು. ಅನಂತರ ತಮ್ಮ ಅಡಿಗೆಮನೆಯನ್ನು ಗ್ರಾಹಕರು ನೋಡುವಂತೆ ಏರ್ಪಾಡು ಮಾಡಿದರು. ಮಡಿಯ ಮನೆಯಲ್ಲಿ ಅಡಿಗೆಯ ಕೋಣೆಯು ಹೊರಗಿನವರ ಕಣ್ಣಿಗೆ ಮರೆಯಾದುದರಿಂದಲೇ ಶುದ್ಧ. ಹೋಟೆಲಿನಲ್ಲಿ ಎಲ್ಲರ ಕಣ್ಣಿಗೂ ತೆರೆದುದರಿಂದ ಶುದ್ಧ. ಈ ವ್ಯತ್ಯಾಸವು ಸಣ್ಣದಲ್ಲ.

ಅಳಿದುದರಲ್ಲಿ ಮುಖ್ಯವಾದುದು ಪಂಕ್ತಿಭೇದ. ಅತಿಥಿಯನ್ನು ದೇವರೆಂದು ಭಾವಿಸಿದ ಮನೆಯೂ ಅವನ ಜಾತಿಯನ್ನು ಕೇಳಿಯೇ ಎಲೆ ಹಾಕುತ್ತಿದ್ದಿತೆಂಬುದನ್ನು ಇತಿಹಾಸಕಾರನು ಮರೆಮಾಡಲಾಗದು. ಹನ್ನೆರಡನೆಯ ಶತಮಾನದ ಶರಣರ ದಾಸೋಹವು ಈ ಭೇದವನ್ನು ಎದುರಿಸಿತು. ಆದರೂ ಅದು ಸಮಾಜದಿಂದ ತೊಲಗಲಿಲ್ಲ. ಮೊದಮೊದಲಿನ ಹೋಟೆಲುಗಳ ಹೆಸರುಗಳಲ್ಲಿಯೇ ಅದರ ಗುರುತುಂಟು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿಯು ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿಮತಗಳ ಕಾರಣದಿಂದ ಅಲ್ಲಿಗೆ ಪ್ರವೇಶವನ್ನು ತಡೆಯಕೂಡದೆಂದು ವಿಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ತಡೆದವರಿಗೆ ಶಿಕ್ಷೆಯನ್ನು ಗೊತ್ತುಮಾಡಿತು. ರಾಜ್ಯಾಂಗವನ್ನು ರಚಿಸಿದವರು ಹೋಟೆಲಿನ ಬಾಗಿಲನ್ನು ಅಷ್ಟು ಮುಖ್ಯವೆಂದು ಬಗೆದುದು ಗಮನಾರ್ಹ. ಧರ್ಮಾರ್ಥವಾದ ಅನ್ನವು ಮಾಡದಿದ್ದ ಕಾರ್ಯವನ್ನು ಕ್ರಯದ ಅನ್ನವು, ಶಾಸನದ ಬೆಂಬಲದಿಂದ, ಬಹುಮಟ್ಟಿಗೆ ಮಾಡಿತು.

ಮುಂದಿನ ಹೆಜ್ಜೆ ೧೯೮೦ರ ದಶಕದಲ್ಲಿ ಜಯನಗರದಲ್ಲಿ ಕಾಣಿಸಿಕೊಂಡ ‘ದರ್ಶಿನಿ’. ಅಲ್ಲಿ ಚೀಟಿ ಕೊಂಡು, ತಟ್ಟೆಯನ್ನು ತಾನೇ ತಂದು, ನಿಂತು ತಿನ್ನುವುದು ರೂಢಿ. ಪಂಕ್ತಿಯೇ ಇಲ್ಲದುದರಿಂದ ಪಂಕ್ತಿಭೇದವೂ ಇಲ್ಲ, ಅಡಿಗೆಯು ಎದುರಿಗೇ ನಡೆಯುತ್ತದೆ, ಬೆಲೆಯೂ ಕಡಮೆ. ಆದರೆ ‘ಇನ್ನಷ್ಟು ಬಡಿಸಲೆ?’ ಎಂದು ಕೇಳುವ ದನಿಯೂ ಅಲ್ಲಿ ಇಲ್ಲವಾಯಿತು. ಸಮಾನತೆ ಹೆಚ್ಚಿದಷ್ಟು ಉಪಚಾರ ಕುಗ್ಗಿತೆಂದು ಹೇಳಬಹುದು.

ಪರಂಪರೆಯ ಅಡಿಗೆಯನ್ನು ಹೊಸ ರೀತಿಯಲ್ಲಿ, ದುಬಾರಿ ಬೆಲೆಗೆ, ಪ್ರತಿಯೊಂದು ಭಕ್ಷ್ಯದ ವಿವರಣೆಯೊಡನೆ ಬಡಿಸುವ ಇಂದಿನ ಭೋಜನಶಾಲೆಗಳು, ತ್ಬಿಲಿಸಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಕಳೆದುಹೋದ ಆ ದನಿಯನ್ನೇ ಮರಳಿ ತರಲು ಯತ್ನಿಸುತ್ತವೆ. ಭಕ್ಷ್ಯದ ಮೂಲವನ್ನು ಹೇಳುವ ಪರಿಚಾರಕನು ಒಂದು ಬಗೆಯಲ್ಲಿ ತಮದಾನ ಸ್ಥಾನದಲ್ಲಿ ನಿಲ್ಲುತ್ತಾನೆ. ಆದರೆ ತಮದಾನು ಅತಿಥಿಗಳ ನಡುವೆ ಕುಳಿತು ಉಣ್ಣುವವನು, ಪರಿಚಾರಕನು ನಿಂತು ಬಡಿಸುವವನು. ಅಲ್ಲದೆ ಜಾತಿಯ ಪಂಕ್ತಿಯು ಹೋದ ಎಡೆಯಲ್ಲಿ ಬೆಲೆಯ ಪಂಕ್ತಿಯು ಏರ್ಪಡುವ ಸಂಭವವೂ ಉಂಟು. ಉಪಚಾರ, ಸಮಾನತೆ ಎಂಬೆರಡನ್ನೂ ಒಂದೇ ಎಲೆಯಲ್ಲಿ ಬಡಿಸುವುದು ಸಾಧ್ಯವೆ ಎಂಬುದೇ ಈ ಚರಿತ್ರೆಯು ನಮ್ಮ ಮುಂದಿಡುವ ಪ್ರಶ್ನೆ. ಅದನ್ನು ಇನ್ನೂ ಆಳವಾಗಿ ಶೋಧಿಸಲು ಹಳೆಯ ಹೋಟೆಲುಗಳ ಲೆಕ್ಕದ ಪುಸ್ತಕಗಳು, ದರಪಟ್ಟಿಗಳು, ಅಡಿಗೆಯವರ ಕೈಬರೆಹಗಳು ಅಮೂಲ್ಯ ಸಾಮಗ್ರಿ. ಶಾಸನಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಇವುಗಳನ್ನೂ ಸಂಗ್ರಹಿಸುವುದು ಇತಿಹಾಸ ವಿಭಾಗಗಳ ಕರ್ತವ್ಯ.